ಅಪ್ಪ ಇದ್ದವನ ತಟ್ಟೆ

ಆಗಸ್ಟ್ 28, 2003. ಸಂಜೆ

ಮತ್ತೆ ರಕ್ತದೊತ್ತಡದ ಮಾತ್ರೆ. ಮತ್ತೆ ಹಾಲು ಹಾಕಿದ ಚಹಾ. ಮತ್ತೆ ಜಗಲಿಯ ಮೇಲೆ ಇಬ್ಬರು ಮೂರ್ಖರು.

ಇವತ್ತಿನವರು ಅಣ್ಣತಮ್ಮಂದಿರು. ಒಂದು ಕುದುರೆಮರಿ ಯಾರದೆಂದು ಜಗಳ. ತಮ್ಮ ಅಣ್ಣನ ಮೂಗು ಒಡೆದಿದ್ದಾನೆ. ಇಬ್ಬರಿಗೂ ಮೊಮ್ಮಕ್ಕಳಿದ್ದಾರೆ. ಜಿಲ್ಲಾ ಕೋರ್ಟಿಗೆ ಹೋದರೆ ವರ್ಷಗಟ್ಟಲೆ; ಹಿರಿಯರ ಮಂಡಳಿಯ ಅಧ್ಯಕ್ಷನ ಜಗಲಿಗೆ ಬಂದರೆ ಎರಡು ಬಟ್ಟಲು ಚಹಾದ ಹೊತ್ತು. ಅದಕ್ಕೇ ಬರುತ್ತಾರೆ. ನನ್ನ ಮೇಲಿನ ಗೌರವದಿಂದ ಅಂದುಕೊಂಡರೆ ನಾನೇ ಮೂರನೆಯ ಮೂರ್ಖ.

ನಲವತ್ತು ವರ್ಷದ ವಕೀಲಿಕೆಯಲ್ಲಿ ಕಲಿತದ್ದು ಇಷ್ಟೇ — ಸುಳ್ಳು ಹೇಳುವವನು ವಿವರ ಜಾಸ್ತಿ ಕೊಡುತ್ತಾನೆ. ತಮ್ಮ ಮರಿಯ ಹಣೆಯ ಮಚ್ಚೆ ವರ್ಣಿಸಿದ, ಅದು ಹುಟ್ಟಿದ ದಿನ ಯಾವ ದಿಕ್ಕಿನ ಗಾಳಿ ಬೀಸುತ್ತಿತ್ತು ಎಂದೂ ಹೇಳಿದ. ಅಣ್ಣ ಹೇಳಿದ್ದು, "ಮರಿ ನಂದು." ಅಷ್ಟೇ. ಮರಿ ಅಣ್ಣನದು.

ಮೂಗಿಗೆ ಹಳೆಯ ದಂಡ ಹಾಕಿದೆ: ಒಂದು ಕುದುರೆ, ಒಂದು ನಿಲುವಂಗಿ. ಮಾನ ಕಳೆದವನು ಮಾನ ತುಂಬಿಕೊಡಬೇಕು. ಕುದುರೆಯನ್ನು ತಾನೇ ಹಿಡಿದು, ನಡೆದುಕೊಂಡು ತಂದು ಅಣ್ಣನ ಬಾಗಿಲಲ್ಲಿ ಕಟ್ಟಬೇಕು.

"ಅತಾ, ಮರೀನೂ ಕೊಟ್ಟು ಕುದುರೇನೂ ಕೊಡೋದಾ?" ಎಂದ ತಮ್ಮ. ಊರಿಗೆಲ್ಲ ನಾನು ಅತಾ, ಅಜ್ಜ.

"ಮರಿ ಅವನದೇ. ಕುದುರೆ ಅವನ ಮೂಗಿಂದು."

ರಾಜಿಯ ಲೆಕ್ಕದಲ್ಲಿ ಅಣ್ಣ ಒಂದು ಕುರಿ ಕೊಯ್ಯಿಸಿದ. ಪಟ್ಟಣದಿಂದ ಹೊಸದಾಗಿ ಬಂದ ಪಶುವೈದ್ಯ ಅತಿಥಿ. ಮುಖ್ಯ ಅತಿಥಿಗೆ ಸಲ್ಲುವ ಬೇಯಿಸಿದ ತಲೆಯನ್ನು ಅವನ ಮುಂದೆ ಇಟ್ಟರು. ಎರಡೂ ಕೈಯಿಂದ ತಟ್ಟೆ ತಳ್ಳಿದ. "ಇಲ್ಲ ಇಲ್ಲ, ನಮ್ಮಪ್ಪ ಇದಾರೆ." ಪರವಾಗಿಲ್ಲ, ಪಟ್ಟಣದಲ್ಲಿ ಓದಿಯೂ ಕೆಟ್ಟಿಲ್ಲ. ತಟ್ಟೆ ಒಂದು ಸುತ್ತು ಹಾಕಿ ನನ್ನ ಮುಂದೆ ಬಂತು. ಯಾವಾಗಲೂ ಬರುತ್ತದೆ.

ಅಪ್ಪ ಬದುಕಿರುವವನು ಕುರಿಯ ತಲೆ ಮುಟ್ಟುವುದಿಲ್ಲ. ಮುಟ್ಟಿದರೆ ಅಪ್ಪ ಸತ್ತ ಎಂದು ಸಾರಿದ ಹಾಗೆ. ಯಾವ ಕಾನೂನು ಪುಸ್ತಕದಲ್ಲೂ ಬರೆದಿಲ್ಲ. ಅದಕ್ಕೇ ಯಾವ ಸರ್ಕಾರಕ್ಕೂ ತಿದ್ದುಪಡಿ ತರಲು ಆಗಿಲ್ಲ.

ಸೆಪ್ಟೆಂಬರ್ 1

ನನಗೆ ಎಂಬತ್ತಾಯಿತಂತೆ. ಆಚರಿಸಲು ಕಮಿಟಿ ಆಗಿದೆ. ಸತ್ತಿದ್ದರೆ ಇಷ್ಟು ಬೇಗ ಕಮಿಟಿ ಆಗುತ್ತಿರಲಿಲ್ಲ.

ಭಾನುವಾರ 28ಕ್ಕೆ, ನದಿಯ ಬದಿಯಲ್ಲಿ ಡೇರೆ. ಅಕೀಮ್, ಅಂದರೆ ಜಿಲ್ಲೆಯ ಮುಖ್ಯಸ್ಥ, ಬರುತ್ತಾನೆ. ಮೈಕು ಬರುತ್ತದೆ. ಜೀವನಚರಿತ್ರೆ ಓದುತ್ತಾರೆ. ಅದನ್ನು ಬರೆಯಲು ಸಂಸ್ಕೃತಿ ಭವನದ ಗುಲ್‌ಬರ್ಷಿನ್ ಬಂದಿದ್ದಳು. ಉಗುರಿಗೆ ಬಣ್ಣ, ಕೈಯಲ್ಲಿ ಪೆನ್ನು, ತಲೆಯಲ್ಲಿ ಮೊದಲೇ ಬರೆದಿಟ್ಟ ಉತ್ತರ.

"ಅತಾ, ಯುದ್ಧದಲ್ಲಿ ತಾವು ಮಾಡಿದ ದೊಡ್ಡ ಸಾಹಸ?"

"ಬದುಕಿ ಬಂದೆ."

"ಅಯ್ಯೋ, ಅದಲ್ಲ. ಟ್ಯಾಂಕು ಗೀಂಕು…"

"ಟ್ಯಾಂಕು ನಮ್ಮ ಫಿರಂಗೀನ ಮಗುಚಿ ಹಾಕ್ತು. ಸಾಹಸ ಅದರದ್ದು. ಅದನ್ನೇ ಹೋಗಿ ಕೇಳು."

ಬರೆದುಕೊಂಡಳು. ಇಣುಕಿ ನೋಡಿದೆ. 'ಮೂರು ಟ್ಯಾಂಕು ಧ್ವಂಸ.'

ನನ್ನ ಎಡಗಿವಿ ಆ ಫಿರಂಗಿಯ ಪಕ್ಕದಲ್ಲೇ ಹೋಯಿತು. ಆಗ ವಯಸ್ಸು ಹತ್ತೊಂಬತ್ತು. ಆಮೇಲೆ ಅದರಿಂದ ಉಪಕಾರವೇ ಆಗಿದೆ — ಭಾಷಣಕಾರರನ್ನೆಲ್ಲ ಎಡಗಡೆ ಕೂರಿಸಿಕೊಳ್ಳುತ್ತೇನೆ.

ವಕೀಲಿಕೆ ಬಗ್ಗೆ ಕೇಳಿದಳು. ಹಗಲು ದನದ ಎಣಿಕೆ ಗುಮಾಸ್ತನಾಗಿದ್ದು, ಅಂಚೆಯಲ್ಲಿ ಪಾಠ ತರಿಸಿ ವಕೀಲನಾದದ್ದನ್ನು ಹೇಳಿದೆ. 1958ರಲ್ಲಿ ಕೆಳಗಿನ ಹುಲ್ಲುಗಾವಲನ್ನು ಪಕ್ಕದ ಸರ್ಕಾರಿ ಫಾರಮ್ಮು ನುಂಗಲು ಬಂದಾಗ, ಊರಿನ ಪರವಾಗಿ ಕಮಿಷನ್ ಎದುರು ನಿಂತು ಗೆದ್ದದ್ದನ್ನು ಹೇಳಿದೆ. ಆಕಳಿಸಿದಳು.

"ಅದು ಹುಲ್ಲಿನ ವಿಷಯ ಅಲ್ವಾ ಅತಾ. ಮೈಕಲ್ಲಿ ಅಷ್ಟು ಚೆನ್ನಾಗಿರಲ್ಲ."

ಹುಲ್ಲಿನ ವಿಷಯವೇ. ಅವಳು ಕುಡಿಯುತ್ತಿದ್ದ ಚಹಾದ ಹಾಲು ಪೆನ್ನಿಂದ ಬಂದದ್ದಿರಬೇಕು.

ಸೆಪ್ಟೆಂಬರ್ 3

ಎರ್ಸಾಯಿನ್ ಬಂದ. ನನ್ನ ಮಗ. ಐವತ್ತೊಂದು. ಕಪ್ಪು ಜೀಪಿನಲ್ಲಿ ಬಂದು, ಬೇಲಿಯ ಹೊರಗೆ ಹಾರ್ನ್ ಹೊಡೆಯುತ್ತಾನೆ, ಅಮ್ಮ ಓಡಿ ಬರಲಿ ಎಂದು. ಓಡುತ್ತಾಳೆ ರಾಬಿಗಾ. ಮಂಡಿನೋವು ನನ್ನ ಕೆಲಸಕ್ಕೆ ಮಾತ್ರ.

ಹಿಂದೆ ಯುವ ಕಮ್ಯುನಿಸ್ಟರ ಕಾರ್ಯದರ್ಶಿಯಾಗಿದ್ದ. ದೇವರಿಲ್ಲ ಎಂದು ಭಾಷಣ ಮಾಡುತ್ತಿದ್ದ. ಈಗ ಗುತ್ತಿಗೆದಾರ, ಬೆರಳಲ್ಲಿ ಜಪಮಣಿ ಉರುಳಿಸುತ್ತಾನೆ. ದೇವರಿಗೂ ಇವನಿಗೂ ನಡುವೆ ಏನು ಒಪ್ಪಂದವಾಯಿತೋ, ಕಾಗದ ನಾನು ನೋಡಿಲ್ಲ.

ಸುತ್ತಿ ಬಳಸಿ ವಿಷಯಕ್ಕೆ ಬಂದ.

"ಅಪ್ಪಾ, ಹೊಸ ಭೂಕಾನೂನು ಬಂದಿದೆಯಲ್ಲ. ಕೆಳಗಿನ ಹುಲ್ಲುಗಾವಲು… ನಲವತ್ತೊಂಬತ್ತು ವರ್ಷಕ್ಕೆ ನಮ್ಮ ಕಂಪನಿಗೆ ಕೊಡೋಕೆ ಮೇಲಿನವರು ರೆಡಿ. ಹಿರಿಯರ ಮಂಡಳಿ ತಕರಾರು ಇಲ್ಲ ಅಂದ್ರೆ ಸಾಕು."

"ಊರಿನ ದನ ಏನು ತಿನ್ನುತ್ತೆ?"

"ಹುಲ್ಲು ಎಲ್ಲಿಗೂ ಹೋಗಲ್ಲ. ನಮ್ಮ ಹತ್ರ ಕೊಂಡ್ಕೋತಾರೆ. ಶಿಸ್ತು ಬರುತ್ತೆ."

ಶಿಸ್ತು. ಕೆಳಗಿನ ಹುಲ್ಲುಗಾವಲಿನ ಮೆದೆಗಳಿಲ್ಲದಿದ್ದರೆ ಜನವರಿಯಲ್ಲಿ ಅರ್ಧ ಊರಿನ ಕೊಟ್ಟಿಗೆ ಖಾಲಿ. ಅದು ಇವನಿಗೆ ಗೊತ್ತು. ಇವನ ಲೆಕ್ಕ ನಿಂತಿರುವುದೇ ಅದರ ಮೇಲೆ.

ಮಂಡಳಿಯ ಸಭೆ ಕರೆಯುವುದು ಬೇಡವಂತೆ; ಸಭೆಯಲ್ಲಿ ಬಾಯಿಗಳಿರುತ್ತವೆ. 28ರಂದು ಡೇರೆಯಲ್ಲಿ, ಅಕೀಮ್ ಎದುರು, ಇಡೀ ಊರಿನ ಎದುರು, ನಾನು ಅಂಗೈ ತೆರೆದು ಮಗನ ಹೊಸ ಕೆಲಸಕ್ಕೆ ಬಾತಾ ಕೊಡಬೇಕು. ಬಾತಾ ಎಂದರೆ ಹಿರಿಯನ ಆಶೀರ್ವಾದ; ಒಮ್ಮೆ ಬಾಯಿಂದ ಬಿದ್ದರೆ ಮೇಲ್ಮನವಿಯಿಲ್ಲ. ಊರವರೂ 'ಆಮೀನ್' ಎಂದು ಮುಖ ಸವರಿಕೊಂಡ ಮೇಲೆ ಯಾರು ತಕರಾರು ತೆಗೆಯುತ್ತಾರೆ? ಒಪ್ಪಲೇಬೇಕು, ಬುದ್ಧಿ ಚೆನ್ನಾಗಿಯೇ ಓಡಿಸಿದ್ದಾನೆ. ಆ ಬುದ್ಧಿ ನನ್ನದೇ. ಕೆಟ್ಟ ಕೈಗೆ ಹೋಗಿದೆ.

"ಯೋಚನೆ ಮಾಡ್ತೀನಿ," ಎಂದೆ.

"ಅಪ್ಪಾ, ನಿಮಗೆ ಎಂಬತ್ತು. ಎಷ್ಟಂತ ಊರನ್ನ ಹೊರ್ತೀರಿ? ಒಂದು ಸಲ ನನಗೆ ಅಂತ ಏನಾದ್ರೂ ಮಾಡಿ."

ಈ ಕೊನೆಯ ಮಾತನ್ನು ಬಲಗಿವಿಯ ಕಡೆಯಿಂದ ಹೇಳಿದ. ಬೇಕೆಂದೇ.

ಸೆಪ್ಟೆಂಬರ್ 4

ಕೊಡುತ್ತೇನೆ ಎಂದುಕೊಂಡಿದ್ದೇನೆ. ಬರೆದಿಟ್ಟರೆ ಧೈರ್ಯ ಬಂದೀತೇನೋ ಎಂದು ಬರೆದಿದ್ದೇನೆ.

ಊರೇನು ಮಹಾ? ಯಾರಾದರೂ ಒಬ್ಬ ಬಂದು 'ಅತಾ, ಕೊಡಬೇಡಿ' ಎಂದನೇ? ಎಲ್ಲರಿಗೂ ಸುದ್ದಿ ಗೊತ್ತು. ಬಂದವರೆಲ್ಲ ಹವಾಮಾನ ಮಾತಾಡಿ, ನನ್ನ ಮುಖ ನೋಡಿ, ಬಿಸ್ಕತ್ತು ತಿಂದು ಹೋದರು. ಇವರಿಗಾಗಿ ಮಗನ ಮನಸ್ಸು ಮುರಿಯಬೇಕೇ? ರಾಬಿಗಾ ಆಗಲೇ ಹೊಸ ಶಿರವಸ್ತ್ರ ಇಸ್ತ್ರಿ ಮಾಡಿಟ್ಟಿದ್ದಾಳೆ.

ಸೆಪ್ಟೆಂಬರ್ 16. ಬೆಳಿಗ್ಗೆ

ನೂರ್ಪೇಯಿಸ್ ಬಂದ. ಬಾಗಿಲಲ್ಲೇ ನಿಂತ, ಟೋಪಿ ಸರಿಮಾಡಿಕೊಂಡ, ಅಂಗೈ ತೆರೆದು ಪ್ರಾರ್ಥನೆ ಗೊಣಗಿ ಮುಖ ಸವರಿಕೊಂಡ.

"ಏನೋ ಇದು?"

"ನಿನ್ನ ಆತ್ಮಕ್ಕೆ. ಒಳ್ಳೇವನಿದ್ದ. ಸ್ವಲ್ಪ ಜಿಪುಣ. ಕಿವುಡ."

ಓರಗೆಯವನು. ಒಂದೇ ವರ್ಷ ಹುಟ್ಟಿದವರು ನಮ್ಮಲ್ಲಿ ಒಬ್ಬರಿಗೊಬ್ಬರು ಏನು ಬೇಕಾದರೂ ಅನ್ನಬಹುದು, ಸಿಟ್ಟು ಮಾಡುವ ಹಾಗಿಲ್ಲ. ಒಂದೇ ರೈಲಿನಲ್ಲಿ ಯುದ್ಧಕ್ಕೆ ಹೋದೆವು. ನಾನು ಫಿರಂಗಿಗೆ, ಅವನು ಟೆಲಿಫೋನ್ ತಂತಿ ಎಳೆಯುವುದಕ್ಕೆ. ಆವತ್ತಿನಿಂದ ಇವತ್ತಿನವರೆಗೂ ಸುದ್ದಿ ಎಳೆಯುವುದೇ ಅವನ ಕಸುಬು.

"ಯಾವಾಗ ಸತ್ತೆ ನಾನು?"

"ಶನಿವಾರ. ದೊಡ್ಡ ಪಟ್ಟಣದಲ್ಲಿ. ನಿನ್ನ ಮಗನೇ ಮಣ್ಣು ಮಾಡಿದ. ಚಾಕು ಹಿಡ್ಕೊಂಡು."

ನಗುತ್ತಾನೆ ಎಂದು ಕಾದೆ. ನಗಲಿಲ್ಲ. ಕೂತ. ಬಟ್ಟಲು ಮುಟ್ಟಲಿಲ್ಲ.

"ಎಸ್ಕೆಂದಿರ್, ತಮಾಷೆ ಅಲ್ಲ ಕಣೋ. ಎರ್ಸಾಯಿನ್ ತಲೆ ತಗೊಂಡ. ಎಲ್ಲರ ಮುಂದೆ."

"ಯಾರು ಹೇಳಿದ್ದು?"

"ಮೇಯಿರಾಮ್. ನಮ್ಮ ತಂಗಿ ಮಗ. ಜೀಪು ಓಡಿಸೋನು ಅವನೇ ಅಲ್ವಾ? ಬಾಗಿಲ ಹತ್ರ ಕೂತು ಉಣ್ತಿದ್ದ. ಕಣ್ಣಾರೆ ನೋಡಿದ್ದಾನೆ."

"ಕರ್ಕೊಂಡು ಬಾ ಅವನನ್ನ."

"ನಿನ್ನ ಹೆಣಕ್ಕೆ ಎಷ್ಟು ಆತುರ ನೋಡು," ಎಂದು ಎದ್ದ.

ಅದೇ ದಿನ. ಊಟದ ನಂತರ

ಮೇಯಿರಾಮನ ವಿಚಾರಣೆ ಮುಗಿಯಿತು. ಒಳ್ಳೆಯ ಸಾಕ್ಷಿ. ವಿವರ ಕಡಿಮೆ ಕೊಡುತ್ತಾನೆ.

ಹುಲ್ಲುಗಾವಲಿನ ಕಾಗದಕ್ಕೆ ಸಹಿ ಹಾಕಬೇಕಾದ ದೊಡ್ಡವನೊಬ್ಬನ ಮನೆಯ ಊಟ. ಅವನ ಬಲಕ್ಕೆ ಎರ್ಸಾಯಿನ್. ಎಡಕ್ಕೆ ಪಕ್ಕದ ಜಿಲ್ಲೆಯ ಗುತ್ತಿಗೆದಾರ. ಅವನಿಗೂ ಅದೇ ಹುಲ್ಲುಗಾವಲಿನ ಮೇಲೆ ಕಣ್ಣು, ಅಪ್ಪ ಸತ್ತು ವರ್ಷಗಳಾಗಿವೆ. ತಲೆ ಬಂತು. ಎರ್ಸಾಯಿನ್ ಮುಂದೆ ಇಟ್ಟರು. ದೊಡ್ಡವನು ಕೇಳಿದ:

"ತಂದೆಯವರು ಇದಾರಾ?"

"ಆವಾಗ ನಿನ್ನ ಯಜಮಾನ್ರು ಏನಂದ್ರು?" ಎಂದು ಮೇಯಿರಾಮನನ್ನು ಕೇಳಿದೆ.

"ಏನೂ ಅನ್ನಲಿಲ್ಲ ಅತಾ. ತಟ್ಟೆ ನೋಡಿದ್ರು. ಆ ಕಡೆಯವನನ್ನ ನೋಡಿದ್ರು. ಆಮೇಲೆ 'ಬಿಸ್ಮಿಲ್ಲಾ' ಅಂತ ಚಾಕು ತಗೊಂಡ್ರು."

"ಕೈ ನಡುಗ್ತಾ?"

"ಇಲ್ಲ ಅತಾ."

ಇದ್ದಾರೆ ಎಂದಿದ್ದರೆ ತಲೆ ಆ ಗುತ್ತಿಗೆದಾರನಿಗೆ ಹೋಗುತ್ತಿತ್ತು, ಅದರ ಜೊತೆ ದೊಡ್ಡವನ ಒಲವೂ. ಇಷ್ಟೇ. ಒಂದು ತಟ್ಟೆ ಆಚೆ ಹೋಗಬಾರದು ಎಂದು ಅಪ್ಪನನ್ನು ಆಚೆ ಕಳಿಸಿದ. ಜರ್ಮನರಿಗೆ ಮೂರು ವರ್ಷದಲ್ಲಿ ಆಗದ ಕೆಲಸ ನನ್ನ ಮಗನಿಗೆ ಒಂದು 'ಬಿಸ್ಮಿಲ್ಲಾ'ದಲ್ಲಿ ಆಯಿತು.

ಸೆಪ್ಟೆಂಬರ್ 17

ಮಾತ್ರೆ ಮರೆತೆ. ಚಹಾ ತಣ್ಣಗಾಯಿತು.

ನನ್ನ ಅಪ್ಪ 1932ರ ಬರಗಾಲದ ಚಳಿಯಲ್ಲಿ ಧಾನ್ಯ ಹುಡುಕಿಕೊಂಡು ರೈಲು ಹಳಿಯ ಕಡೆ ನಡೆದು ಹೋದ. ನನಗೆ ಒಂಬತ್ತು. ಬರುತ್ತೇನೆ ಎಂದ. ಹೆಣ ಸಿಗಲಿಲ್ಲ, ಸುದ್ದಿ ಬರಲಿಲ್ಲ. ತಲೆ ತಿನ್ನುವ ಹಕ್ಕು ನನಗೆ ಆಗಲೇ ಬಂದಿತ್ತೋ ಏನೋ — ಕುರಿಯೇ ಇರಲಿಲ್ಲ, ಯಾರು ಕೇಳುತ್ತಾರೆ?

1946ರಲ್ಲಿ ಪದಕ ತೂಗುಹಾಕಿಕೊಂಡು ಬಂದೆ. ಉಳಿದಿದ್ದವರೆಲ್ಲ ಸೇರಿ ಒಂದು ಕುರಿ ಹೊಂದಿಸಿದರು. ಹಿರಿಯನೊಬ್ಬ ತಲೆಯನ್ನು ನನ್ನ ಮುಂದೆ ಇಟ್ಟ. ನಾನು ತಳ್ಳಿದೆ. "ನಮ್ಮಪ್ಪ…" ಎಂದೆ. ಹಿರಿಯ ತಟ್ಟೆಯನ್ನು ಮೆಲ್ಲಗೆ ಮತ್ತೆ ನನ್ನ ಕಡೆ ಸರಿಸಿದ.

ಅಪ್ಪ ಸತ್ತದ್ದು ನನಗೆ ಖಚಿತವಾದದ್ದು ಆವತ್ತು. ಯುದ್ಧದಲ್ಲಿ ಅಳಲಿಲ್ಲ. ಆ ತಟ್ಟೆಯ ಮುಂದೆ ಅತ್ತೆ.

ಹದಿನಾಲ್ಕು ವರ್ಷ ಇದ್ದಾನೋ ಇಲ್ಲವೋ ಗೊತ್ತಿಲ್ಲದಿದ್ದ ಅಪ್ಪನಿಗಾಗಿ ನಾನು ತಟ್ಟೆ ತಳ್ಳಿದೆ. ಇವನಿಗೆ ಅಪ್ಪನ ವಿಳಾಸ ಗೊತ್ತಿತ್ತು.

ಸೆಪ್ಟೆಂಬರ್ 19

ಎರ್ಸಾಯಿನ್ ಬಂದಿದ್ದ. ಡೇರೆ, ಮೈಕು, ಹಾಡುವವರು — ಎಲ್ಲ ಗೊತ್ತುಮಾಡಿದ ಸಡಗರ. ಒಂದು ಅವಕಾಶ ಕೊಡೋಣ ಎನ್ನಿಸಿತು. ಕೊಲೆ ಆರೋಪಿಗೂ ಕೊಡುತ್ತಾರೆ.

"ಶನಿವಾರದ ಊಟ ಹೇಗಿತ್ತು ಮಗನೇ?"

"ಊಟಾನಾ? ಭರ್ಜರಿ ಅಪ್ಪಾ. ಕುದುರೆ ಮಾಂಸದ ಕಝಿ ಎರಡು ಥರ. ಕುಡಿಯೋಕೆ ಕುದುರೆ ಹಾಲಿನ ಕುಮಿಸ್, ಸ್ವಲ್ಪ ಹುಳಿ. ಗೋಡೆ ಮೇಲಿನ ಕಾರ್ಪೆಟ್ಟು ಇರಾನಿಂದಂತೆ, ನೀಲಿ ಅಂಚು. ಊಟ ಮುಗಿದು ಹೊರಗೆ ಬಂದ್ರೆ ಏನು ಗಾಳಿ, ಉತ್ತರದ ಗಾಳಿ…"

"ತಲೆ ಯಾರಿಗೆ ಇಟ್ರು?"

ಜಪಮಣಿ ನಿಂತಿತು.

"ಗಮನಿಸಲಿಲ್ಲ."

"ಗಾಳಿ ಗಮನಿಸಿದ್ದೀಯಲ್ಲ."

"ಆ ಪಕ್ಕದ ಜಿಲ್ಲೆಯವನಿಗೆ ಇರಬೇಕು. ಯಾಕಪ್ಪಾ?"

"ಏನಿಲ್ಲ. ತಲೆ ಬೆಂದಿತ್ತಾ ಅಂತ."

ಹೋದ. ಅಮ್ಮನಿಗೆ ಒಂದು ಡಬ್ಬಿ ಚಾಕಲೇಟು ಕೊಟ್ಟು ಹೋದ. ಸುಳ್ಳು ಹೇಳುವುದನ್ನೂ ನೆಟ್ಟಗೆ ಕಲಿಯಲಿಲ್ಲ. ನಾಲ್ಕು ಜನ ಕುರಿಗಳ್ಳರನ್ನು ಬಿಡಿಸಿದ್ದೇನೆ. ಒಬ್ಬನೂ ಇಷ್ಟು ಕೆಟ್ಟದಾಗಿ ಹೇಳುತ್ತಿರಲಿಲ್ಲ.

ಸೆಪ್ಟೆಂಬರ್ 26

ರಾಬಿಗಾಳಿಗೆ ಹೇಳಿದೆ. ಹಿಟ್ಟು ಲಟ್ಟಿಸುತ್ತಿದ್ದಳು. ನಿಲ್ಲಿಸಲಿಲ್ಲ.

"ಹುಡುಗ ಗಾಬರಿ ಆಗಿರ್ತಾನೆ."

"ಐವತ್ತೊಂದು ವರ್ಷದ ಹುಡುಗ."

"ದೊಡ್ಡವರ ಮುಂದೆ ಬಾಯಿ ಕಟ್ಟಿರುತ್ತೆ."

"ತಿನ್ನೋಕೆ ಬಿಚ್ಚಿತಲ್ಲ."

ಲಟ್ಟಣಿಗೆ ನಿಂತಿತು.

"ಮುದುಕಾ, ಒಂದು ಮಾತು ಹೇಳ್ತೀನಿ, ಆ ಒಳ್ಳೆ ಕಿವಿ ಕೊಡು. ನೀನು ಇಡೀ ಊರಿಗೆ ಅಪ್ಪ ಆಗಿದ್ದೆ. ಯಾರ ಕುರಿ ಕಳೆದ್ರೂ ನೀನು, ಯಾರ ಮಗ ಜೈಲಿಗೆ ಹೋದ್ರೂ ನೀನು. ಇವನು ಜ್ವರದಲ್ಲಿ ಮಲಗಿದಾಗ ನೀನು ಕಮಿಷನ್ ಮುಂದೆ ಹುಲ್ಲು ಹುಲ್ಲು ಅಂತಿದ್ದೆ. ಅವನಿಗೆ ಅಪ್ಪ ಆವಾಗ್ಲೂ ಇರಲಿಲ್ಲ. ಅವನು ಸುಳ್ಳು ಹೇಳಿದ್ದು ಎಲ್ಲಿ?"

ಹೆಂಗಸು ಕಾನೂನು ಓದಿದ್ದರೆ ನಾನು ಇನ್ನೂ ದನ ಎಣಿಸುತ್ತಿರುತ್ತಿದ್ದೆ.

"ಹರಸಿಬಿಡು," ಎಂದಳು. "ಹುಲ್ಲು ಮತ್ತೆ ಬೆಳೆಯುತ್ತೆ. ಮಗ ಬೆಳೆಯಲ್ಲ."

ಕೋಟು ತೆಗೆದು ಪದಕಗಳನ್ನು ಒರೆಸಿದೆ. ತಗಡು. ಹೊಳೆಯುತ್ತದೆ.

ಸೆಪ್ಟೆಂಬರ್ 29. ಬೆಳಿಗ್ಗೆ

ನಿನ್ನೆಯದನ್ನು ಕ್ರಮವಾಗಿ ಬರೆಯಬೇಕು. ಬಿಟ್ಟರೆ ಊರು ತನಗೆ ಬೇಕಾದಂತೆ ಬರೆದುಕೊಳ್ಳುತ್ತದೆ.

ಡೇರೆ ತುಂಬ ಜನ. ಗುಲ್‌ಬರ್ಷಿನ್ ನನ್ನ ಜೀವನ ಓದಿದಳು. ಟ್ಯಾಂಕು ಐದಾಗಿದ್ದವು. ಹುಲ್ಲುಗಾವಲಿನ ಕೇಸು ಇರಲಿಲ್ಲ. ಚಪ್ಪಾಳೆ. ಗೋಡೆಗೆ ತೂಗುಹಾಕುವ ಗಡಿಯಾರ ಕೊಟ್ಟರು. ಎಂಬತ್ತು ವರ್ಷದವನಿಗೆ ಗಡಿಯಾರ ಕೊಡುವವರ ಬುದ್ಧಿ ಎಂಥದ್ದು.

ಭಾಷಣಗಳು. ಎಡಗಿವಿ ತನ್ನ ಕರ್ತವ್ಯ ಮಾಡಿತು. ನೂರ್ಪೇಯಿಸ್ ಬಲಗಡೆ ಕೂತು ಗೊಣಗುತ್ತಿದ್ದ. "ಇಷ್ಟು ಒಳ್ಳೇವನು ನೀನು ಅಂತ ಗೊತ್ತಿದ್ರೆ ಯುದ್ಧದಲ್ಲಿ ನಿನ್ನ ಬೂಟು ಕದೀತಿರಲಿಲ್ಲ."

ಮಾಂಸ ಬಂತು. ತಲೆಯನ್ನು ಎರ್ಸಾಯಿನ್ ತಾನೇ ಎರಡು ಕೈಯಲ್ಲಿ ತಂದು ಅಕೀಮನ ಮುಂದೆ ಇಟ್ಟ. ಬಗ್ಗಿ ಇಟ್ಟ. ಈ ಅಕೀಮನ ಬಗ್ಗೆ ನನಗೆ ಒಂದೇ ಒಂದು ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಮೂವತ್ತೆಂಟು ವರ್ಷ, ಹೆಂಡತಿಯ ಅಪ್ಪನ ಕೃಪೆಯಿಂದ ಕುರ್ಚಿ, ಫೋನು ಕಿವಿಯಿಂದ ಇಳಿಯುವುದಿಲ್ಲ. ಫೋನು ಕೆಳಗಿಟ್ಟ. ಎರಡೂ ಕೈ ಎದೆಗೆ ಒತ್ತಿಕೊಂಡ.

"ತಪ್ಪು ತಿಳೀಬೇಡಿ. ನಮ್ಮಪ್ಪ ಇದಾರೆ. ಹಳ್ಳೀಲಿ, ಕುರಿ ಕಾಯ್ತಾರೆ. ಈ ತಟ್ಟೆ ಹಿರಿಯರದು."

ಎದ್ದು ಬಂದು ನನ್ನ ಮುಂದೆ ಇಟ್ಟ. ಒಬ್ಬ ನಾಲಾಯಕನ ಮುಂದೆ ನಾನು ತಲೆ ತಗ್ಗಿಸಿದ್ದು ಅದೇ ಮೊದಲು. ಎರ್ಸಾಯಿನ್ ಇನ್ನೂ ಬಗ್ಗಿಯೇ ಇದ್ದ. ಅವನ ಕತ್ತಿನ ಹಿಂಭಾಗ ಕೆಂಪಾದದ್ದು ನನಗೆ ಕಂಡಿತು. ಅಷ್ಟರಲ್ಲಿ ಮೈಕಿನವನು ಬೊಬ್ಬೆ ಹೊಡೆದ — ಈಗ ಪೂಜ್ಯ ಎಸ್ಕೆಂದಿರ್ ಅತಾ, ಮಗನ ಹೊಸ ಸಾಹಸಕ್ಕೆ ಬಾತಾ ಕೊಡುತ್ತಾರೆ!

ಎಲ್ಲರೂ ಅಂಗೈ ತೆರೆದರು. ಎಲ್ಲರೂ! ಯಾರ ಹುಲ್ಲು ಹೋಗುತ್ತದೋ ಅವರೇ, ಮೂಗು ಒಡೆಸಿಕೊಂಡ ಅಣ್ಣ, ಒಡೆದ ತಮ್ಮ, ಸಾಲಾಗಿ ಅಂಗೈ ತೆರೆದು 'ಆಮೀನ್' ಹೇಳಲು ಬಾಯಿ ಸಿದ್ಧಮಾಡಿಕೊಂಡು ಕೂತಿದ್ದರು. ಕುರಿಗಳಾದರೂ ಕೊಯ್ಯುವಾಗ ಒದ್ದಾಡುತ್ತವೆ.

ಎದ್ದೆ. ತಟ್ಟೆ ಎತ್ತಿಕೊಂಡೆ. ಮಗನ ಕಡೆ ಚಾಚಿದೆ.

"ತಗೋ."

"ಅಪ್ಪಾ… ಇದೇನು?"

"ತಲೆ. ತಗೋ. ಅಭ್ಯಾಸ ಇದೆಯಲ್ಲ."

ಮೈಕು ಗುಂಯ್ ಎನ್ನುತ್ತಿತ್ತು.

"ಆ ಶನಿವಾರ ಕೇಳಿದ್ರಂತೆ, ತಂದೆಯವರು ಇದಾರಾ ಅಂತ. ಅವತ್ತು ಉತ್ತರ ಕೊಡಲಿಲ್ಲ. ಇವತ್ತು ಕೊಡು. ನಾನು ಸತ್ತಿದ್ರೆ, ತಲೆ ನಿನ್ನದು, ತಿನ್ನು. ಆದ್ರೆ ಸತ್ತವನು ಬಾತಾ ಕೊಡಲ್ಲ, ಮಂಡಳಿ ಪರವಾಗಿ ಒಪ್ಪಿಗೇನೂ ಕೊಡಲ್ಲ. ಬದುಕಿದ್ರೆ — ತಪ್ಪಾಯ್ತು ಅನ್ನು. ಇಲ್ಲೇ, ಇವರ ಮುಂದೆ. ಅಂದ್ರೆ ನಿನ್ನ ಆಯಸ್ಸಿಗೆ, ನಿನ್ನ ಮಕ್ಕಳಿಗೆ ಹರಸ್ತೀನಿ. ಹುಲ್ಲುಗಾವಲಿಗಲ್ಲ. ಹುಲ್ಲುಗಾವಲು ದನದ್ದು."

ತಟ್ಟೆ ಭಾರ. ಇನ್ನೊಂದು ಕೈಯನ್ನೂ ಅಡಿಗೆ ಕೊಟ್ಟೆ.

ಅವನು ನನ್ನನ್ನು ನೋಡಲಿಲ್ಲ. ಹೆಂಗಸರ ಸಾಲಿನಲ್ಲಿ ಅಮ್ಮನನ್ನು ಹುಡುಕಿದ. ರಾಬಿಗಾ ಶಿರವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಆಮೇಲೆ ಡೇರೆಯ ಬಾಗಿಲ ಕಡೆ ನಡೆದ. ಜೀಪು ಹೊರಟಿತು. ಮೇಯಿರಾಮ್ ಊಟಕ್ಕೆ ಕೂತಿದ್ದ, ಅವನನ್ನು ಬಿಟ್ಟೇ ಹೋದ. ತಾನೇ ಓಡಿಸಿಕೊಂಡು ಹೋದ.

ಮಾಂಸ ತಣ್ಣಗಾಗಲು ಯಾರೂ ಬಿಡಲಿಲ್ಲ. ಎಲ್ಲರೂ ತಿಂದರು. ಅಕೀಮ್ ಏನೂ ಆಗದವನಂತೆ ಮಳೆಯ ಬಗ್ಗೆ ಮಾತೆತ್ತಿದ. ನೂರ್ಪೇಯಿಸ್ ನನ್ನ ಕೈಯಿಂದ ತಟ್ಟೆ ಇಳಿಸಿ, ಕುರಿಯ ಕಿವಿ ಕೊಯ್ದು ನನ್ನ ಮುಂದಿಟ್ಟ.

"ತಿನ್ನು ಕಿವುಡಾ. ಮಕ್ಕಳಿಗೆ ಕೊಡೋದು, ಹೇಳಿದ ಮಾತು ಕೇಳಲಿ ಅಂತ. ನಿನ್ನ ಹುಡುಗ ಹೋದನಲ್ಲ."

ತಿಂದೆ. ಗೆದ್ದ ಕೇಸು. ಕಕ್ಷಿದಾರ ಯಾರೆಂದು ಗೊತ್ತಿಲ್ಲ.

ಅಕ್ಟೋಬರ್ 8

ಬರೆಯಲು ಏನೂ ಇರಲಿಲ್ಲ. ಒತ್ತಡ ಏರಿತ್ತು, ಮಲಗಿದ್ದೆ.

ರಾಬಿಗಾ ಮಾತಾಡುವುದಿಲ್ಲ. ಬಟ್ಟಲಿನ ಅಂಚಿನವರೆಗೂ ಚಹಾ ಸುರಿಯುತ್ತಾಳೆ. ಬೇಕಾದವರಿಗೆ ಅರ್ಧ ಸುರಿದು, ಮತ್ತೆ ಮತ್ತೆ ಕೇಳಿ ಹಾಕುವುದು ನಮ್ಮ ಕ್ರಮ. ತುಂಬಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ. ಐವತ್ತಾರು ವರ್ಷ ಬಾಳಿದ ಮನೆಯಲ್ಲಿ ದಿನಾ ಮೂರು ಹೊತ್ತು ನನಗೆ ನೋಟಿಸು.

ಹುಲ್ಲುಗಾವಲಿನ ಅರ್ಜಿ ವಾಪಸ್ಸು ಬಂದಿದೆ, ಹಿರಿಯರ ಒಪ್ಪಿಗೆ ಇಲ್ಲದ್ದರಿಂದ. ಸುದ್ದಿ ಬಂದದ್ದೇ ತಡ, ಊರಿಗೆ ಊರೇ ಶೂರ. ಒಬ್ಬೊಬ್ಬನೂ ಬಂದು ಜಗಲಿಯಲ್ಲಿ ಎದೆ ಬಡಿದುಕೊಳ್ಳುತ್ತಾನೆ. 'ನಾವು ಬಿಡ್ತಿರಲಿಲ್ಲ ಅತಾ! ನಾವೆಲ್ಲ ನಿಮ್ಮ ಹಿಂದೆ ಇದ್ವಿ!' ಹಿಂದೆಯೇ ಇದ್ದರು. ಅಂಗೈ ತೆರೆದುಕೊಂಡು. ಒಬ್ಬ ಒಂದು ಗಾಡಿ ಹುಲ್ಲು ಕಳಿಸಿದ, ಕಾಣಿಕೆ. ಹಸುವಿಲ್ಲದ ಮನೆಗೆ.

ಎರ್ಸಾಯಿನನ ಸುದ್ದಿ ಇಲ್ಲ. ಹಾರ್ನ್ ಇಲ್ಲ. ಬೇಲಿಯ ಹೊರಗೆ ಇಷ್ಟು ಸದ್ದಿಲ್ಲದೆ ಇದ್ದದ್ದು ನೆನಪಿಲ್ಲ. ಬಲಗಿವಿಯೂ ಹೋಯಿತೇನೋ ಎಂದು ಒಮ್ಮೆ ಬೆರಳು ಚಿಟಿಕೆ ಹೊಡೆದು ನೋಡಿದೆ.

ಅಕ್ಟೋಬರ್ 12. ಬೆಳಿಗ್ಗೆ

ಮಾತ್ರೆ. ಚಹಾ.

ಇವತ್ತು ಅರ್ಧ ಬಟ್ಟಲು ಸುರಿದಳು. ಮುಖ ನೋಡಿದೆ. ಕೆಟಲಿನ ಕಡೆ ತಿರುಗಿದಳು. ಹೊಸ ಶಿರವಸ್ತ್ರ ಕಟ್ಟಿದ್ದಾಳೆ. ಇವಳಿಗೆ ಏನೋ ಗೊತ್ತಿದೆ. ನನಗೆ ಹೇಳದೆ ಸಾಕ್ಷಿ ಇಟ್ಟುಕೊಂಡಿದ್ದಾಳೆ.

ಕಿಟಕಿಯಿಂದ ನೋಡುತ್ತಲೇ ಬರೆಯುತ್ತಿದ್ದೇನೆ. ಸೇತುವೆ ಕಡೆಯಿಂದ ಯಾರೋ ನಡೆದು ಬರುತ್ತಿದ್ದಾರೆ. ಕುದುರೆ ಹಿಡಿದಿದ್ದಾರೆ, ಹತ್ತಿಲ್ಲ. ನಡೆದು ಅಭ್ಯಾಸವಿಲ್ಲದವನ ನಡಿಗೆ. ಕೆಸರಿನಲ್ಲಿ ಪಟ್ಟಣದ ಬೂಟು ಜಾರುತ್ತಿದೆ. ತೋಳಿನ ಮೇಲೆ ಏನೋ ಮಡಚಿದ ಬಟ್ಟೆ. ನಿಲುವಂಗಿ.

ನೂರ್ಪೇಯಿಸ್ ತನ್ನ ಬೇಲಿಗೆ ಒರಗಿ ನಿಂತಿದ್ದಾನೆ, ಮೊದಲ ಸಾಲಿನ ಪ್ರೇಕ್ಷಕ. ಏನೋ ಕೂಗಿದ. ಮಗ ತಿರುಗಿ ನೋಡಲಿಲ್ಲ.

ಜೀಪು ಇಲ್ಲ. ಜಪಮಣಿಯೂ ಕಾಣುತ್ತಿಲ್ಲ. ಬೂದು ಬಣ್ಣದ ಕುದುರೆ, ಎದೆ ಅಗಲ. ಅಗ್ಗದ್ದಲ್ಲ. ಹಲ್ಲು ನೋಡಬೇಕು.

ತಪ್ಪೊಪ್ಪಿಗೆಯೋ, ಮೇಲ್ಮನವಿಯೋ? ಹುಲ್ಲುಗಾವಲಿಗೆ ಇನ್ನೊಂದು ದಾರಿ ಇದೇ ಎಂದು ಯಾರಾದರೂ ಹೇಳಿಕೊಟ್ಟಿರಬಹುದು. ಇವನು ನನ್ನ ಮಗ, ಅಷ್ಟು ಬುದ್ಧಿ ಇದ್ದೇ ಇದೆ. ಬಾಯಿ ಬಿಟ್ಟರೆ ತಿಳಿಯುತ್ತದೆ. ಗಾಳಿಯ ಸುದ್ದಿ ತೆಗೆದರೆ ಬಾಗಿಲು ಹಾಕುತ್ತೇನೆ.

ಕುದುರೆ ಕಟ್ಟುತ್ತಿದ್ದಾನೆ. ಗಂಟು ಹಾಕಲು ಬರುತ್ತಿಲ್ಲ. ಬಿಚ್ಚಿದ, ಮತ್ತೆ ಕಟ್ಟಿದ. ಆ ಗಂಟು ಇವನಿಗೆ ನಾನು ಯಾವತ್ತೂ ಕಲಿಸಲಿಲ್ಲವೇ?

ರಾಬಿಗಾ ಏಳಲು ಹೋದಳು. ಕೂರು ಎಂದೆ.

ಬಾಗಿಲಿಗೆ ಬಂದ. ಬಡಿಯುತ್ತಿಲ್ಲ. ಒಳಗೆ ಅಪ್ಪ ಇದಾರಾ ಎಂದು ಕೇಳುತ್ತಿದ್ದಾನೆ. ಯಾರನ್ನು ಕೇಳುತ್ತಿದ್ದಾನೋ. ದನಿ ಒಡೆದಿದೆ.

ಇದ್ದಾನೆ ಎಂದು ನಾನೇ ಎದ್ದು ಹೋಗಿ ಹೇಳುತ್ತೇನೆ.